ಕಡಲೆ ಕಾಳಿನಷ್ಟು ಬೆಂಡು

ತಾಲ್ಲೂಕು ವರದಿಗಾರರಾಗಿ ಹೊಸದಾಗಿ ಸೇರುತ್ತಿರುವವರಿಗೆ ಒಂದು ವಿಷಯ ಮೊದಲೇ ತಿಳಿದಿರಲಿ. ರಾಜಧಾನಿಯಲ್ಲಿ ಕುಳಿತವರು ತಪ್ಪು ಬರೆದರೆ ಕಚೇರಿಗೆ ಪತ್ರ ಬರುತ್ತದೆ. ನಾವು ತಪ್ಪು ಬರೆದರೆ ಮನುಷ್ಯನೇ ಎದುರಿಗೆ ಬರುತ್ತಾನೆ. ಬಸ್ ನಿಲ್ದಾಣದಲ್ಲಿ, ಹೋಟೆಲಿನಲ್ಲಿ, ಕಟಿಂಗ್ ಶಾಪಿನಲ್ಲಿ. ಕೆಲವರು ಜಗಳ ಮಾಡುತ್ತಾರೆ, ಅವರಿಂದ ತೊಂದರೆಯಿಲ್ಲ. ಏನೂ ಹೇಳದೆ ನಮಸ್ಕಾರ ಮಾಡಿ ಮುಂದೆ ಹೋಗುವವರೂ ಇದ್ದಾರೆ. ನನಗೆ ಕಷ್ಟವಾದದ್ದು ಅವರಿಂದ.

ಮೂವತ್ತೊಂದು ವರ್ಷ ನಾನು ತರೀಕೆರೆಯಲ್ಲಿದ್ದುಕೊಂಡು ಕಡೂರು, ತರೀಕೆರೆ, ಅಜ್ಜಂಪುರದ ಸುದ್ದಿ ಬರೆದೆ. ಹೋದ ವರ್ಷ ನಿವೃತ್ತನಾದೆ. ನಾನು ಸೇರಿದಾಗ ಸುದ್ದಿಯನ್ನು ಬಿಳಿ ಹಾಳೆಯ ಮೇಲೆ ಬರೆದು, ಕವರಿಗೆ ಹಾಕಿ, ಸಂಜೆಯ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆವು. ಆಮೇಲೆ ಫ್ಯಾಕ್ಸ್ ಬಂತು, ಆಮೇಲೆ ಇ-ಮೇಲ್, ಈಗ ಎಲ್ಲವೂ ಫೋನಿನಲ್ಲೇ. ಬಸ್ ಹೊರಡುವವರೆಗೆ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಳಿತು ಬರೆದದ್ದನ್ನು ಎರಡು ಸಲ ಓದಿಕೊಳ್ಳುತ್ತಿದ್ದೆ. ಎಷ್ಟೋ ತಪ್ಪುಗಳು ಆ ಬೆಂಚಿನ ಮೇಲೆ ಸಿಕ್ಕಿವೆ. ಫೋನಿನಲ್ಲಿ ಕಳಿಸಲು ಶುರುಮಾಡಿದ ಮೇಲೆ ಆ ಬೆಂಚು ತಪ್ಪಿಹೋಯಿತು.

ಮೊದಲು ನನಗೆ ಕೆಲಸ ಕಲಿಸಿದ್ದು ಆಗಿನ ಜಿಲ್ಲಾ ವರದಿಗಾರರು. ಶಿವನಿಯ ರೈತರೊಬ್ಬರ ಮೇಲೆ ಮೊಕದ್ದಮೆ ಹೂಡಿದ ಸುದ್ದಿಯನ್ನು ನಾನು ಇನಿಷಿಯಲ್ ಇಲ್ಲದೆ, ತಂದೆಯ ಹೆಸರಿಲ್ಲದೆ ಬರೆದುಕೊಟ್ಟಿದ್ದೆ. ಅವರು ಹಾಳೆಯನ್ನು ವಾಪಸು ತಳ್ಳಿ ಕೇಳಿದರು: “ಶಿವನಿಯಲ್ಲಿ ಈ ಹೆಸರಿನೋರು ಎಷ್ಟು ಜನ ಇದಾರೆ?”

“ಗೊತ್ತಿಲ್ಲ ಸಾರ್.”

“ಹೋಗಿ ತಿಳ್ಕೊಂಡು ಬಾ. ರೈಲಿದೆಯಲ್ಲ.”

ಹೋದೆ. ಆ ಹೆಸರಿನವರು ನಾಲ್ಕು ಜನ ಇದ್ದರು. ಒಬ್ಬರ ಮಗಳಿಗೆ ಅದೇ ವಾರ ಗಂಡಿನ ಕಡೆಯವರು ಬರುವವರಿದ್ದರು. ಸುದ್ದಿ ಒಂದು ದಿನ ತಡವಾಗಿ, ಪೂರ್ತಿ ಹೆಸರಿನೊಂದಿಗೆ ಅಚ್ಚಾಯಿತು. ಕಚೇರಿಯಲ್ಲಿ ಸುದ್ದಿ ತಿದ್ದುವ ಇಂದಿನ ಡೆಸ್ಕಿನವರಿಗೆ ಈ ಕಥೆ ಹೇಳಿದರೆ ನಗುತ್ತಾರೆ. ಒಂದು ಇನಿಷಿಯಲ್‌ಗಾಗಿ ಒಂದು ದಿನವೇ ಎಂದು ಕೇಳುತ್ತಾರೆ.

ಆದರೂ ನಾನು ಎಡವಲಿಲ್ಲ ಎಂದು ಯಾರೂ ತಿಳಿಯಬೇಡಿ. ಎಮ್ಮೆದೊಡ್ಡಿಯ ಕಾವಲಿನ ಹುಲ್ಲುಗಾವಲಿನಲ್ಲಿ ಸಿಡಿಲು ಬಡಿದು ಅಮೃತ ಮಹಲ್ ಹಸುಗಳು ಸತ್ತವು ಎಂದು ಯಾರೋ ಫೋನ್ ಮಾಡಿದರು. ನಂಬಿ ಕಳಿಸಿದೆ, ಅಚ್ಚಾಯಿತು. ಮರುದಿನ ಫೋಟೊ ತೆಗೆಯೋಣ ಎಂದು ಹೋದರೆ, ದನ ಕಾಯುವ ಅಜ್ಜ ಕೋಲೂರಿ ನಿಂತಿದ್ದ. ಸತ್ತ ಹಸುಗಳು ಎಲ್ಲಿ ಎಂದು ಕೇಳಿದೆ. ಅವನು ಕೋಲೆತ್ತಿ ತೋರಿಸಿದ. “ಅಗೋ, ಅಲ್ಲಿ ಮೇಯ್ತಾ ಅವೆ ನೋಡಿ. ನಿಮ್ ಪೇಪರ್ ಓದಿಲ್ಲ ಅಂತ ಕಾಣ್ತದೆ, ಪಾಪ.” ಸಿಡಿಲು ಬಡಿದದ್ದು ಒಂದು ಜಾಲಿ ಮರಕ್ಕೆ. ನಾನು ತಿದ್ದುಪಡಿ ಕಳಿಸಿದೆ. ಅದು ಬರಲಿಲ್ಲ. ಡೆಸ್ಕಿನವರು, “ಹಸುಗಳೇನು ಕೇಸ್ ಹಾಕಲ್ಲ ಬಿಡಿ” ಎಂದರು. ನಾನೂ ನಕ್ಕು ಸುಮ್ಮನಾದೆ. ಆ ನಗುವಿಗೆ ಈಗ ನಾಚಿಕೆಯಾಗುತ್ತದೆ.

ಇನ್ನು ಪ್ರೆಸ್ ನೋಟ್. ಇದರಷ್ಟು ನಮ್ಮ ಕೆಲಸವನ್ನು ಕೆಡಿಸಿದ ವಸ್ತು ಇನ್ನೊಂದಿಲ್ಲ. ಒಂದು ಸಂಘದವರು ಕೆಮ್ಮಣ್ಣುಗುಂಡಿಯಲ್ಲಿ ಗಿಡ ನೆಡುವ ಕಾರ್ಯಕ್ರಮವಿದೆ ಎಂದು ಆಹ್ವಾನ ಕಳಿಸಿದ್ದರು. ಮಂಜು ಕವಿದು ದಾರಿ ಕಾಣದೆ ಎಲ್ಲರೂ ಅರ್ಧ ಘಾಟಿಯಿಂದಲೇ ವಾಪಸು ಬಂದರು. ನಾನೂ ಅದೇ ವ್ಯಾನಿನಲ್ಲಿದ್ದೆ, ಗಿಡಗಳೂ ಅದರಲ್ಲೇ ಇದ್ದವು. ಮರುದಿನ ನಮ್ಮ ಪತ್ರಿಕೆಯಲ್ಲಿ, ಕಾರ್ಯಕ್ರಮ ಯಶಸ್ವಿಯಾಯಿತು, ಅಧ್ಯಕ್ಷರು ಪರಿಸರದ ಮಹತ್ವ ವಿವರಿಸಿದರು ಎಂದು ಬಂತು. ಅಧ್ಯಕ್ಷರು ವಿವರಿಸಿದ್ದು ವ್ಯಾನಿನ ಹಿಂದಿನ ಸೀಟಿನಲ್ಲಿ ವಾಂತಿ ಬರುತ್ತಿದೆ ಎಂಬುದನ್ನು ಮಾತ್ರ. ಸಂಘದವರ ಪ್ರೆಸ್ ನೋಟ್ ಹಿಂದಿನ ದಿನವೇ ಡೆಸ್ಕಿಗೆ ಹೋಗಿತ್ತು.

ಇಷ್ಟು ಹೇಳಿ ತಿಮ್ಮಪ್ಪನ ವಿಷಯಕ್ಕೆ ಬರುತ್ತೇನೆ. ಬರೆಯಲು ಕುಳಿತದ್ದೇ ಅದಕ್ಕಾಗಿ.

ತರೀಕೆರೆಗೂ ಅಜ್ಜಂಪುರಕ್ಕೂ ನಡುವೆ ಒಂದು ಕೆರೆಯಿದೆ. ಹೆಸರು ಬೇಡ. ಊರಿನ ಮೀನುಗಾರರ ಸೊಸೈಟಿ ಅದನ್ನು ಬಹಳ ವರ್ಷ ಗುತ್ತಿಗೆ ಹಿಡಿದಿತ್ತು. ತಿಮ್ಮಪ್ಪ ಆ ಸೊಸೈಟಿಯ ಕೆರೆ ಕಾವಲುಗಾರ. ಐವತ್ತರ ಆಸುಪಾಸಿನ, ಕಡಿಮೆ ಮಾತಿನ ಮನುಷ್ಯ. ಅವನ ಹಗಲೆಲ್ಲ ಏರಿಯ ಮೇಲೆಯೇ ಕಳೆಯುತ್ತಿತ್ತು. ಆಮೇಲೆ ಕೆರೆ ಹೊರಗಿನ ಒಂದು ಕ್ಲಬ್ಬಿನ ಪಾಲಾಯಿತು. ಅವರದು ಮನರಂಜನೆಯ ಮೀನುಗಾರಿಕೆ: ಹಿಡಿಯುವುದು, ಫೋಟೊ ತೆಗೆಯುವುದು, ನೀರಿಗೆ ಬಿಡುವುದು. ಊರಿನವರು ಇನ್ನು ಗಾಳ ಹಾಕುವಂತಿಲ್ಲ. ಕಾವಲೂ ಬೇಡ, ಕ್ಯಾಮೆರಾ ಬಂತು. ಬದಲಿಗೆ, ಊರಿನ ಇಬ್ಬರನ್ನು ಪರೀಕ್ಷೆ ಮಾಡಿ ಗೈಡುಗಳಾಗಿ ತೆಗೆದುಕೊಳ್ಳುತ್ತೇವೆ ಎಂದು ಕ್ಲಬ್ಬು ಒಪ್ಪಿಕೊಂಡಿತ್ತು. ತಿಮ್ಮಪ್ಪ ಮತ್ತೆ ಆ ಕೆರೆಯ ದಡದಲ್ಲಿ ನಿಲ್ಲಬೇಕಾದರೆ ಇದ್ದದ್ದು ಅದೊಂದೇ ದಾರಿ.

ಪರೀಕ್ಷೆ ಇದ್ದದ್ದು ನಮ್ಮ ಎರೆಹುಳದ ಗಾಳದಲ್ಲಲ್ಲ, ಫ್ಲೈ ಗಾಳದಲ್ಲಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಪುಟ್ಟ ಕೊಕ್ಕೆಗೆ ಪುಕ್ಕ, ದಾರ ಸುತ್ತಿ ಹುಳದಂತೆ ಕಾಣಿಸುತ್ತಾರೆ. ಅದಕ್ಕೆ ಭಾರವಿಲ್ಲ. ಭಾರ ಇರುವುದು ದಪ್ಪ ದಾರಕ್ಕೆ. ದಾರವನ್ನು ಚಾಟಿಯಂತೆ ಹಿಂದೆ ಮುಂದೆ ಬೀಸಿ ಎಸೆಯಬೇಕು. ಮೀನು ಆ ಸುಳ್ಳು ಹುಳವನ್ನು ಬಾಯಿಗೆ ಹಾಕಿಕೊಂಡು, ಮೋಸ ಗೊತ್ತಾದ ತಕ್ಷಣ ಉಗಿದುಬಿಡುತ್ತದೆ. ಕೈಗೆ ಏನೂ ತಿಳಿಯುವುದಿಲ್ಲ. ಅದಕ್ಕೇ ದಾರದ ಮೇಲೆ, ಕೊಕ್ಕೆಗಿಂತ ಒಂದೆರಡು ಮೊಳ ಮೇಲೆ, ತೇಲುವ ಸಣ್ಣ ವಸ್ತು ಕಟ್ಟುತ್ತಾರೆ. ಅದು ಅಲುಗಿದರೆ ಮೀನು ಮುಟ್ಟಿದೆ ಎಂದು ಅರ್ಥ. ಕ್ಲಬ್ಬಿನವರು ಅದನ್ನು ಇಂಡಿಕೇಟರ್ ಎನ್ನುತ್ತಾರೆ, ಬಣ್ಣದ ಪ್ಲಾಸ್ಟಿಕ್ ಗೋಲಿ ಕಟ್ಟುತ್ತಾರೆ. ಊರಿನವರಿಗೆ ಅದು ಬೆಂಡು.

ತಿಂಗಳೊಪ್ಪತ್ತು ತಿಮ್ಮಪ್ಪ ಕ್ಲಬ್ಬಿನ ಕೋಲಿನಲ್ಲಿ ಬೀಸುವುದನ್ನು ಕಲಿತ. ಅವನಿಗೆ ಸರಿಬಾರದೆ ಹೋದದ್ದು ಪ್ಲಾಸ್ಟಿಕ್ ಗೋಲಿ. ಹರಿಯುವ ಹೊಳೆಯಲ್ಲಿ ಅದು ನಡೆಯುತ್ತದೆಯೋ ಏನೋ, ನಿಂತ ಕೆರೆಯಲ್ಲಿ ‘ಟಪ್’ ಎಂದು ಬಿದ್ದರೆ ಸುತ್ತಲಿನ ಗೆಂಡೆ ಮೀನೆಲ್ಲ ಚದುರುತ್ತವೆ. ಅವನು ಜೋಳದ ದಂಟು ಸೀಳಿ, ಒಳಗಿನ ತಿರುಳನ್ನು ಕಡಲೆ ಕಾಳಿನಷ್ಟು ಕತ್ತರಿಸಿ, ನೀರು ಕುಡಿಯದಿರಲಿ ಎಂದು ಹೆಂಡತಿ ಗೌರಮ್ಮನ ಉಗುರು ಬಣ್ಣ ಬಳಿದ. ಅದನ್ನು ನೋಡಲು ಹೋದ ದಿನ ಗೌರಮ್ಮ ನನಗೆ ದೂರು ಹೇಳಿದರು.

“ನೋಡಣ್ಣಾ, ತಂಗಿ ಮದ್ವೆಗೆ ಅಂತ ತಂದಿದ್ದ ಬಣ್ಣ. ನಾನು ಎಡಗೈಗೆ ಹಚ್ಕೊಳೋದ್ರೊಳಗೆ ಇವ್ರು ಮೀನಿಗೆ ಹಚ್ಚವ್ರೆ.”

“ಮೀನಿಗಲ್ಲ ಕಣೇ, ಬೆಂಡಿಗೆ,” ಎಂದ ತಿಮ್ಮಪ್ಪ.

“ಎಲ್ಲಿಗಾದ್ರೂ ಆಗ್ಲಿ. ಮದ್ವೆಗೆ ನಾನು ಒಂದೇ ಕೈ ತೋರ್ಸ್ಕೊಂಡು ಓಡಾಡ್ಬೇಕು.”

ಅವನು ಬೆಂಡನ್ನು ಓದುವುದನ್ನು ನಾನು ಆ ದಿನ ನನ್ನ ನೋಟ್ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ. ಬೆಂಡು ನಡುಗಿದರೆ ಜಿಲೇಬಿ ಮೀನು, ಸುಮ್ಮನೆ ಕುಕ್ಕುತ್ತದೆ, ಎಳೆಯಬಾರದು. ಬೆಂಡು ಮುಳುಗದೆ ಪಕ್ಕಕ್ಕೆ ಒಂದು ಬೆರಳು ಸರಿದರೆ ಗೆಂಡೆ. ಆಗಲೇ ಕೋಲು ಎತ್ತಬೇಕು. “ಮುಳುಗ್ಲಿ ಅಂತ ಕಾದ್ರೆ ಆಯ್ತು ಸಾರ್, ಅದು ಉಗ್ದು ಮನೆಗೋಗಿ ಊಟ ಮಾಡ್ತಿರ್ತೈತೆ,” ಎಂದ. ಪ್ಲಾಸ್ಟಿಕ್ ಗೋಲಿ ಆ ಒಂದು ಬೆರಳಿನ ಸರಿದಾಟವನ್ನು ತೋರಿಸುವುದೇ ಇಲ್ಲ. ಕ್ಲಬ್ಬಿನ ಅತಿಥಿಗಳು ಗೋಲಿ ಮುಳುಗುವುದನ್ನೇ ಕಾಯುತ್ತ ಇಡೀ ಬೆಳಿಗ್ಗೆ ನಿಂತಿರುವುದನ್ನು ನಾನೇ ನೋಡಿದ್ದೆ.

ಪರೀಕ್ಷೆಯ ದಿನ ಊರಿನ ಆರು ಜನ ಇದ್ದರು. ಬೆಳಿಗ್ಗೆ ಆರರಿಂದ ಹನ್ನೆರಡರವರೆಗೆ. ಮೀನು ಹಿಡಿದಾಗಲೆಲ್ಲ ಕ್ಲಬ್ಬಿನ ಮ್ಯಾನೇಜರ್ ಸುದರ್ಶನ್ ಬಂದು ನೋಡಿ, ಚೀಟಿಯಲ್ಲಿ ಬರೆದು ಸಹಿ ಹಾಕಿ, ಮೀನನ್ನು ನೀರಿಗೆ ಬಿಡಿಸುತ್ತಿದ್ದರು. ನಾನು ನನ್ನ ಪುಸ್ತಕದಲ್ಲಿ ಹೊತ್ತು ಬರೆದುಕೊಳ್ಳುತ್ತಿದ್ದೆ. ತಿಮ್ಮಪ್ಪನಿಗೆ ಏಳು ಸಿಕ್ಕವು, ಐದು ಗೆಂಡೆ, ಎರಡು ಜಿಲೇಬಿ. ಅವನ ನಂತರದವನಿಗೆ ಮೂರು. ದಡದಲ್ಲಿ ಕುಳಿತವರೊಬ್ಬರು ಕೂಗಿದರು: “ಲೇ ತಿಮ್ಮಪ್ಪ, ಬಿಡೋ ಮೀನಲ್ಲಿ ಒಂದಾದ್ರೂ ನಮ್ ಕಡೆ ಬಿಡೋ!” ಸುದರ್ಶನ್ ಕೂಡ ನಕ್ಕರು. ಫಲಿತಾಂಶವನ್ನು ಕ್ಲಬ್ಬಿನ ಕಮಿಟಿ ಮೂರು ದಿನದಲ್ಲಿ ಹೇಳುತ್ತದೆ ಎಂದರು.

ನನ್ನ ತಪ್ಪು ಆಗಿದ್ದು ಇಲ್ಲಿ. ಆ ಪುಟ್ಟ ಬೆಂಡು ಓದುಗರಿಗೆ ಕಾಣಲಿ ಎಂದು ನಾನು ತಿಮ್ಮಪ್ಪನಿಗೆ ಹೇಳಿದೆ: “ಬೆರಳಲ್ಲಿ ಹಿಡ್ಕೊಳಪ್ಪ, ಕೈ ಮುಂದಕ್ಕೆ ಚಾಚು, ಇನ್ನೂ ಮುಂದಕ್ಕೆ.” ಅವನು ಚಾಚಿದ. ಫೋನಿನ ಕ್ಯಾಮೆರಾ ಹತ್ತಿರದ್ದನ್ನು ದೊಡ್ಡದು ಮಾಡುತ್ತದೆ, ಹಿಂದಿನದನ್ನು ಚಿಕ್ಕದು ಮಾಡುತ್ತದೆ. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ, ಚೆನ್ನಾಗಿ ಬಂದಿದೆ ಎಂದು ಕಳಿಸಿದೆ. ಡೆಸ್ಕಿನಲ್ಲಿ ಜಾಗ ಸಾಲದೆ ಚಿತ್ರದ ಒಂದು ಅಂಚು ಕತ್ತರಿಸಿದರು. ಆ ಅಂಚಿನಲ್ಲಿ ಅವನ ಬೆರಳುಗಳಿದ್ದವು. ಮರುದಿನ ಪತ್ರಿಕೆಯಲ್ಲಿ ಬಂದದ್ದು ತಿಮ್ಮಪ್ಪನ ನಗುಮುಖ, ಅದರ ಪಕ್ಕದಲ್ಲಿ ಅವನ ಮೂಗಿಗಿಂತ ದೊಡ್ಡದಾದ, ನಿಂಬೆಹಣ್ಣಿನಂಥ ಕೆಂಪು ಬೆಂಡು. ಬರಹದಲ್ಲಿ ‘ಕಡಲೆ ಕಾಳಿನಷ್ಟು’ ಎಂದು ನಾನು ಬರೆದಿದ್ದೆ. ಆ ಸಾಲನ್ನೂ ತೆಗೆದಿದ್ದರು.

ಕಿರಿಯರು ಇದನ್ನು ಬರೆದಿಟ್ಟುಕೊಳ್ಳಿ: ಸಣ್ಣ ವಸ್ತುವಿನ ಚಿತ್ರ ತೆಗೆಯುವಾಗ ಪಕ್ಕದಲ್ಲಿ ಒಂದು ನಾಣ್ಯ ಇಡಿ, ಇಲ್ಲವೇ ಬೆಂಕಿಪೊಟ್ಟಣ. ಅಂಗೈ ಮೇಲೆ ಇಟ್ಟು ನೇರ ಮೇಲಿನಿಂದ ತೆಗೆಯಿರಿ. ಮೂವತ್ತು ವರ್ಷ ಅನುಭವವಿದ್ದ ನಾನು ಅಷ್ಟನ್ನು ಮಾಡಲಿಲ್ಲ.

ಬೇರೆ ಊರಿನಲ್ಲಿ ಕುಳಿತ ಕಮಿಟಿಯವರು ಆ ಚಿತ್ರವನ್ನು ವಾಟ್ಸ್ಯಾಪಿನಲ್ಲಿ ನೋಡಿದರು. ಇಷ್ಟು ದೊಡ್ಡ ಬೆಂಡು ಕಟ್ಟಿದರೆ ಅದರ ಭಾರದಿಂದಲೇ ಗಾಳ ಎಸೆಯಬಹುದು, ಇದು ಫ್ಲೈ ಗಾಳವೇ ಅಲ್ಲ ಎಂದು ತೀರ್ಮಾನಿಸಿದರು. ಕ್ಲಬ್ಬಿನ ಫಲಿತಾಂಶದ ಪುಸ್ತಕದಲ್ಲಿ ತಿಮ್ಮಪ್ಪನ ಹೆಸರಿನ ಮುಂದೆ ‘ಅನರ್ಹ’ ಎಂದು ಬರೆಸಿದರು. ಒಬ್ಬರೂ ಬಂದು ಬೆಂಡು ನೋಡಲಿಲ್ಲ, ಅವನನ್ನು ಕರೆದು ಕೇಳಲಿಲ್ಲ. ಮೂರು ಮೀನು ಹಿಡಿದವನನ್ನೂ ಎರಡು ಹಿಡಿದವನನ್ನೂ ಆರಿಸಿ ಪ್ರೆಸ್ ನೋಟ್ ಕಳಿಸಿದರು. ಅದು ನನಗೆ ಬರಲಿಲ್ಲ, ನೇರ ಡೆಸ್ಕಿಗೆ ಹೋಯಿತು. ಮರುದಿನ ಬೆಳಿಗ್ಗೆ ಹೋಟೆಲಿನಲ್ಲಿ ಪತ್ರಿಕೆ ತೆರೆದಾಗ ನಾನೂ ಓದುಗನಂತೆಯೇ ಅದನ್ನು ಓದಿದೆ: ‘ನಿಯಮ ಉಲ್ಲಂಘಿಸಿ ದೊಡ್ಡ ಬೆಂಡು ಬಳಸಿದ ತಿಮ್ಮಪ್ಪ ಅವರನ್ನು ಅನರ್ಹಗೊಳಿಸಲಾಗಿದೆ.’ ಮೇಲೆ ‘ತರೀಕೆರೆ’ ಎಂಬ ಊರಿನ ಹೆಸರು. ನಮ್ಮಲ್ಲಿ ಆ ಹೆಸರಿದ್ದರೆ ಬರೆದವನು ನಾನೇ ಎಂದು ಎಲ್ಲರಿಗೂ ಗೊತ್ತು.

ತಿಮ್ಮಪ್ಪ ಜಗಳಕ್ಕೆ ಬರಲಿಲ್ಲ. ಬಂದದ್ದು ಗೌರಮ್ಮ. ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಕೈಯಲ್ಲಿ ಹಿಡಿದಿದ್ದರು.

“ಅಣ್ಣಾ, ನಮ್ಮನೇಲಿ ಕೂತು ಕಾಫಿ ಕುಡ್ದು, ಬೆಂಡು ಕೈಯಲ್ಲಿಟ್ಕೊಂಡು ನೋಡಿದ್ರಿ ತಾನೇ? ಇದು ನೀವು ಬರ್ದಿದ್ದಾ?”

“ಅಲ್ಲ ಕಣಮ್ಮ. ನಾನು ಬರ್ದಿದ್ದಲ್ಲ.”

“ನಿಮ್ ಊರ್ ಹೆಸ್ರೈತೆ.”

“ಐತೆ.”

“ಫೋಟೊ?”

“ಫೋಟೊ ನಂದೇ.”

ಅವರು ಪತ್ರಿಕೆಯನ್ನು ನನ್ನ ಕೈಗಿಟ್ಟರು. “ಅಂಗಡಿ ತಾವ ಹುಡುಗ್ರು ಇವ್ರನ್ನ ನಿಂಬೆಹಣ್ಣು ಅಂತ ಕರೀತವ್ರೆ. ಇವ್ರು ಮೂರು ದಿನದಿಂದ ಮನೆಯಿಂದಾಚೆ ಬಂದಿಲ್ಲ. ನೀವು ಏನ್ ಮಾಡ್ತೀರೋ ಮಾಡಿ,” ಎಂದು ಹೋದರು.

ನಾನು ಡೆಸ್ಕಿನ ಪ್ರಭಾಕರ್‌ಗೆ ಫೋನ್ ಮಾಡಿದೆ. ನನಗಿಂತ ಬಹಳ ಚಿಕ್ಕವರು, ನನಗಿಂತ ಮೇಲಿನ ಹುದ್ದೆಯವರು.

“ಸಾರ್, ಒಂದು ಬೆಂಡಿಗೆ ತಿದ್ದುಪಡಿ ಹಾಕೋಕಾಗುತ್ತಾ?”

“ಬೆಂಡಿಗಲ್ಲ. ಒಬ್ಬ ಮನುಷ್ಯನ ಹೆಸರಿಗೆ.”

“ಕ್ಲಬ್ಬಿನೋರು ಹೇಳಿದ್ದನ್ನ ನಾವು ಹಾಕಿದೀವಿ. ಅದು ಅವರ ಹೇಳಿಕೆ.”

“ಅವರು ಹೇಳಿದ್ದು ನಮ್ಮ ಚಿತ್ರ ನೋಡಿ. ಆ ಚಿತ್ರ ಸುಳ್ಳು.”

“ಚಿತ್ರ ಹೆಂಗ್ ಸುಳ್ಳಾಗುತ್ತೆ? ನೀವೇ ತೆಗೆದಿದ್ದಲ್ವಾ?” ಎಂದರು. ನಾನು ಕೈ ಚಾಚಿಸಿ ತೆಗೆದದ್ದನ್ನು ಹೇಳಿದೆ. “ಪ್ರೂಫ್ ಇದ್ರೆ ಕಳಿಸಿ, ನೋಡೋಣ,” ಎಂದು ಫೋನ್ ಇಟ್ಟರು.

ಒಬ್ಬನ ಹೆಸರು ಕೆಡಿಸಿ ಅಚ್ಚು ಹಾಕುವಾಗ ಪ್ರೂಫ್ ಬೇಕಿರಲಿಲ್ಲ. ಅದನ್ನು ಸರಿಮಾಡಲು ಬೇಕಾಯಿತು. ಇದು ಒಬ್ಬ ಪ್ರಭಾಕರ್ ಅವರ ಗುಣವಲ್ಲ. ನಾನು ಕಂಡ ಕಚೇರಿಗಳೆಲ್ಲ ಹೀಗೆಯೇ ನಡೆಯುತ್ತಿದ್ದವು. ಮೂವತ್ತೊಂದು ವರ್ಷವಾದರೂ ನನಗೆ ಇದು ಅಭ್ಯಾಸವಾಗಲಿಲ್ಲ, ನಿಮಗೂ ಆಗದಿರಲಿ.

ಸರಿ, ಪ್ರೂಫ್. ಕ್ಲಬ್ಬಿನ ನಿಯಮದ ಪುಸ್ತಕ ತರಿಸಿ ಓದಿದೆ. ಇಂಡಿಕೇಟರ್ ಬಳಸಬಹುದು ಎಂದು ಅದರಲ್ಲೇ ಇತ್ತು. ದಾರದ ಭಾರದಿಂದ ಎಸೆಯಬೇಕು, ಇಂಡಿಕೇಟರ್ ಭಾರದಿಂದ ಎಸೆಯಬಾರದು, ಇಷ್ಟೇ ಷರತ್ತು. ಅಂದರೆ ಪ್ರಶ್ನೆ ತೂಕದ್ದು. ಏರಿಯ ಕೆಳಗಿನ ಜಾಲಿಮುಳ್ಳಿನಲ್ಲಿ ಅತಿಥಿಗಳು ಕಳೆದುಕೊಂಡ ಪ್ಲಾಸ್ಟಿಕ್ ಗೋಲಿಗಳು ಬೇಕಾದಷ್ಟು ಸಿಗುತ್ತವೆ. ಒಂದನ್ನು ಆರಿಸಿಕೊಂಡೆ. ತಿಮ್ಮಪ್ಪನ ಮನೆಗೆ ಹೋಗಿ, ಪರೀಕ್ಷೆಯ ದಿನದ ಬೆಂಡನ್ನೂ ಅವನು ಮಾಡಿಟ್ಟಿದ್ದ ಉಳಿದವನ್ನೂ ಬೆಂಕಿಪೊಟ್ಟಣದಲ್ಲಿ ತುಂಬಿಕೊಂಡು, ಅವನನ್ನೂ ಎಬ್ಬಿಸಿಕೊಂಡು ತರೀಕೆರೆಯ ಅಕ್ಕಸಾಲಿ ವೀರಭದ್ರಾಚಾರರ ಅಂಗಡಿಗೆ ಹೋದೆ. ಅವರಲ್ಲಿ ಕಂಪ್ಯೂಟರ್ ತಕ್ಕಡಿಯೂ ಇದೆ, ತಾತನ ಕಾಲದ, ಗಾಜಿನ ಪೆಟ್ಟಿಗೆಯೊಳಗಿನ ಪುಟ್ಟ ತಕ್ಕಡಿಯೂ ಇದೆ.

ಆಚಾರರು ಬೆಂಡನ್ನು ಚಿಮುಟದಲ್ಲಿ ಎತ್ತಿ ಬೆಳಕಿಗೆ ಹಿಡಿದರು. “ಏನ್ರೀ ಇದು ಪೇಪರ್ ಸಾರ್, ಮೂಗುತಿಗೆ ಹವಳ ತಂದ್ರಾ?”

“ತೂಕ ನೋಡ್ಬೇಕಿತ್ತು.”

“ಇದಕ್ಕಾ? ಕಾಲು ಗುಲಗಂಜಿ ಇದ್ರೆ ನನ್ ಅಂಗಡಿ ನಿಮ್ದು.”

ಗಾಜಿನ ಪೆಟ್ಟಿಗೆಯ ಬಾಗಿಲು ಸರಿಸಿ, ಒಂದು ತಟ್ಟೆಯಲ್ಲಿ ಪ್ಲಾಸ್ಟಿಕ್ ಗೋಲಿ ಇಟ್ಟರು. ಇನ್ನೊಂದರಲ್ಲಿ ತಿಮ್ಮಪ್ಪನ ಬೆಂಡು. ತಟ್ಟೆ ಅಲುಗಲಿಲ್ಲ. ಎರಡು ಇಟ್ಟರು. ಐದು ಇಟ್ಟರು. ಎಂಟಾದಾಗ ಮುಳ್ಳು ಸ್ವಲ್ಪ ತೂಗಾಡಿತು. ಹನ್ನೊಂದನೆಯದಕ್ಕೆ ಸಮನಾಯಿತು. ತಿಮ್ಮಪ್ಪ ಬಾಗಿ ನೋಡುತ್ತ ನಿಂತಿದ್ದ. ಅಷ್ಟು ದಿನದ ಮೇಲೆ ಮೊದಲ ಸಲ ಮಾತಾಡಿದ: “ಆಚಾರ್ರೇ, ಉಸ್ರು ಬಿಡ್ಬೇಡಿ, ಹಾರೋಗ್ತವೆ.”

ಆಚಾರರು ಅಂಗಡಿಯ ಚೀಟಿಯಲ್ಲಿ ಬರೆದು ಸಹಿ ಹಾಕಿದರು: ಒಂದು ಪ್ಲಾಸ್ಟಿಕ್ ಗೋಲಿಗೆ ಹನ್ನೊಂದು ಬೆಂಡು ಸಮ. ನಾನು ಬೆಂಡನ್ನು ಅಂಗೈ ಮೇಲೆ ಇಟ್ಟು, ಪಕ್ಕದಲ್ಲಿ ಒಂದು ರೂಪಾಯಿ ಇಟ್ಟು, ಮೊದಲೇ ತೆಗೆಯಬೇಕಾಗಿದ್ದ ಚಿತ್ರ ತೆಗೆದೆ. ಚೀಟಿ, ಚಿತ್ರ, ನಾಲ್ಕು ಸಾಲಿನ ತಿದ್ದುಪಡಿ, ಮೂರನ್ನೂ ಡೆಸ್ಕಿಗೆ ಕಳಿಸಿದೆ. ದಿನಾ ಬೆಳಿಗ್ಗೆ ಫೋನ್ ಮಾಡಿದೆ. ಮೂರು ವಾರವಾದ ಮೇಲೆ, ಒಳಪುಟದಲ್ಲಿ, ಕಳೆದುಹೋದ ಅಂಕಪಟ್ಟಿಗಳ ಪ್ರಕಟಣೆಯ ಕೆಳಗೆ ಬಂತು: ‘ಇತ್ತೀಚೆಗೆ ಪ್ರಕಟವಾದ ಮೀನುಗಾರಿಕೆ ಪರೀಕ್ಷೆಯ ಚಿತ್ರದಲ್ಲಿ ಬೆಂಡು ವಾಸ್ತವಕ್ಕಿಂತ ದೊಡ್ಡದಾಗಿ ಕಂಡಿದೆ.’ ಅಷ್ಟೇ.

ಗೌರಮ್ಮ ಅದನ್ನು ಜೋರಾಗಿ ಓದಿ, ಮತ್ತೊಮ್ಮೆ ಓದಿದರು. “ಇದ್ರಲ್ಲಿ ಇವ್ರ ಹೆಸ್ರೆಲ್ಲೈತೆ ಅಣ್ಣಾ?”

ಇರಲಿಲ್ಲ. ಬೈಯುವಾಗ ಹೆಸರಿತ್ತು, ತಿದ್ದುವಾಗ ಇಲ್ಲ. ಚಿತ್ರ ಅಂಗೈಯಗಲದ್ದು, ತಿದ್ದುಪಡಿ ಉಗುರಿನಗಲದ್ದು.

ಆ ತುಣುಕು ಹಿಡಿದುಕೊಂಡು ಮೂವರೂ ಕ್ಲಬ್ಬಿನ ಕಚೇರಿಗೆ ಹೋದೆವು. ಸುದರ್ಶನ್ ಮರ್ಯಾದೆಯಿಂದ ಕೂರಿಸಿದರು, ಓದಿದರು. “ಪಾಪ, ತಪ್ಪಾಗಿದೆ ಅನ್ಸುತ್ತೆ. ತಿಮ್ಮಪ್ಪ ಇನ್ನೊಂದ್ಸಲ ಪರೀಕ್ಷೆ ಕೊಡ್ಲಿ. ಕಮಿಟಿಗೆ ನಾನ್ ಹೇಳ್ತೀನಿ,” ಎಂದರು.

ನಾನು ಒಪ್ಪಿಕೊಂಡುಬಿಡುತ್ತಿದ್ದೆ. ಗೌರಮ್ಮನೂ, “ಹೂಂ ಅನ್ರೀ, ಒಂದ್ ಬೆಳಿಗ್ಗೆ ತಾನೇ?” ಎಂದು ಗಂಡನ ತೋಳು ತಿವಿದರು.

ತಿಮ್ಮಪ್ಪ ತಲೆಯಾಡಿಸಿದ. “ಇಲ್ಲ ಸಾರ್. ಬರಲ್ಲ.”

“ಯಾಕಪ್ಪ?”

“ಆವತ್ತು ಹಿಡ್ದಿದ್ದು ಮೀನೇ ಅಲ್ವಾ? ಮತ್ತೆ ಹಿಡಿ ಅಂದ್ರೆ, ಆವತ್ತು ಕದ್ದೆ ಅಂತ ನಾನೇ ಒಪ್ಕೊಂಡಂಗಾಯ್ತು. ಮೊದ್ಲು ಆ ಪುಸ್ತಕದಾಗಿರೋದ್ನ ಹೊಡ್ದಾಕಿ. ಕೆಲ್ಸ ಕೊಡೋದು ಬಿಡೋದು ನಿಮ್ಗೆ ಸೇರಿದ್ದು.”

ನನಗೆ ಹೊಳೆಯದಿದ್ದದ್ದು ಅವನಿಗೆ ಹೊಳೆದಿತ್ತು. ಸುದರ್ಶನ್, ಪುಸ್ತಕ ತಿದ್ದಲು ತಮಗೆ ಅಧಿಕಾರವಿಲ್ಲ, ಕಮಿಟಿ ಒಪ್ಪಬೇಕು ಎಂದರು. ನಾನು ನನ್ನ ನೋಟ್ ಪುಸ್ತಕ ತೆರೆದು, ಪರೀಕ್ಷೆಯ ದಿನದ ಚೀಟಿಗಳನ್ನು ತೆಗೆಯಲು ಹೇಳಿದೆ. ತೆಗೆದರು. ಏಳು ಚೀಟಿ. ಹೊತ್ತು ನನ್ನ ಪುಸ್ತಕದ್ದಕ್ಕೇ ಹೊಂದಿತು.

“ಏಳು ಸಲ ಸಹಿ ಹಾಕಿದ್ದು ನೀವೇ ತಾನೇ?” ಎಂದು ಕೇಳಿದೆ.

“ಹೌದು.”

“ದಾರದಲ್ಲಿ ಬೆಂಡು ಇದ್ದದ್ದು ನೋಡಿದ್ರಾ?”

“ನೋಡಿದೆ.”

“ಎಷ್ಟಿತ್ತು?”

ಅವರು ಕಿರುಬೆರಳಿನ ಉಗುರು ತೋರಿಸಿದರು.

“ಅದನ್ನ ಕಮಿಟಿಗೆ ಹೇಳಿದ್ರಾ?”

“ಅವರು ಕೇಳ್ಲಿಲ್ಲ,” ಎಂದರು.

ವೃತ್ತಿಯಲ್ಲಿ ಬಹಳ ಸುಳ್ಳು ಕೇಳಿದ್ದೇನೆ. ಆ ದಿನ ನನಗೆ ಬಂದಷ್ಟು ಸಿಟ್ಟು ಯಾವ ಸುಳ್ಳಿಗೂ ಬಂದಿರಲಿಲ್ಲ, ಏಕೆಂದರೆ ಇದು ನಿಜ. ಏಳು ಸಲ ಕಣ್ಣಾರೆ ನೋಡಿದವರು, ಕೇಳಲಿಲ್ಲ ಎಂಬ ಒಂದೇ ಕಾರಣಕ್ಕೆ ಒಬ್ಬನ ಮರ್ಯಾದೆ ಹೋಗುವುದನ್ನು ನೋಡುತ್ತ ಕುಳಿತಿದ್ದರು. ಆದರೆ ನಾನು ದನಿ ಎತ್ತಲಿಲ್ಲ. ಆಚಾರರ ಚೀಟಿಯನ್ನೂ, ನಿಯಮದ ಪುಸ್ತಕದ ಆ ಪುಟವನ್ನೂ ಮೇಜಿನ ಮೇಲಿಟ್ಟು, “ಈಗ ನಾವು ಕೇಳ್ತಿದೀವಿ. ಫೋನ್ ಮಾಡಿ ಹೇಳಿ,” ಎಂದೆ.

ಅವರು ನಮ್ಮೆದುರಿಗೇ ಫೋನ್ ಮಾಡಿದರು. ಮಾತು ಬಹಳ ಹೊತ್ತು ನಡೆಯಿತು. ಗೌರಮ್ಮ ಸೆರಗಿನ ತುದಿ ಸುತ್ತುತ್ತ ಕುಳಿತಿದ್ದರು. ಕೊನೆಗೆ ಸುದರ್ಶನ್ ಫಲಿತಾಂಶದ ಪುಸ್ತಕ ತೆಗೆದು, ‘ಅನರ್ಹ’ ಎಂಬುದರ ಮೇಲೆ ಗೀಟು ಎಳೆದು, ‘ಏಳು ಮೀನು, ಪ್ರಥಮ’ ಎಂದು ಬರೆದು, ತಿಮ್ಮಪ್ಪನ ಕಡೆ ತಿರುಗಿಸಿದರು. ಅವನು ಅಕ್ಷರದ ಮೇಲೆ ಬೆರಳಿಟ್ಟು ಓದಿದ. “ಗೀಟು ಸಣ್ಣದಾಯ್ತು ಸಾರ್,” ಎಂದ. ಅವರು ಅದರ ಮೇಲೆಯೇ ಇನ್ನೊಂದು ಗೀಟು ಎಳೆದರು.

ಮೊದಲು ಆರಿಸಿದ ಇಬ್ಬರನ್ನೂ ತೆಗೆಯುವುದು ಬೇಡ ಎಂದು ತಿಮ್ಮಪ್ಪನೇ ಹೇಳಿದ. ಅವನನ್ನು ಮೂರನೆಯವನಾಗಿ ತೆಗೆದುಕೊಂಡರು. ಈಗ ಅವನು ಅದೇ ದಡದಲ್ಲಿ ಅತಿಥಿಗಳಿಗೆ ಬೀಸುವುದನ್ನು ಕಲಿಸುತ್ತಾನೆ. ಅವರು ಪ್ಲಾಸ್ಟಿಕ್ ಗೋಲಿ ಬಿಚ್ಚಿ, ಅವನ ಬೆಂಡು ಕೇಳಿ ಪಡೆಯುತ್ತಾರೆ.

ಇಷ್ಟಾದ ಮೇಲೆ ನಾನು ಹೆಸರು ಸಮೇತ ತಿದ್ದುಪಡಿ ಹಾಕಿ ಎಂದು ಮತ್ತೆ ಡೆಸ್ಕಿಗೆ ಬರೆದೆ. “ಕೆಲಸ ಸಿಕ್ತಲ್ಲ ಸಾರ್, ಇನ್ನೇನು?” ಎಂದರು ಪ್ರಭಾಕರ್. ಇನ್ನೇನು ಎಂದರೆ, ಅಂಗಡಿಯ ಮುಂದೆ ಅವನನ್ನು ಇವತ್ತಿಗೂ ನಿಂಬೆಹಣ್ಣು ಎಂದೇ ಕರೆಯುತ್ತಾರೆ. ಕ್ಲಬ್ಬಿನ ಪುಸ್ತಕದೊಳಗಿನ ಗೀಟನ್ನು ಊರಿನವರು ನೋಡಿಲ್ಲ. ಅವರು ನೋಡಿರುವುದು ಪತ್ರಿಕೆಯನ್ನು. ನಾನು ನಿವೃತ್ತನಾಗುವ ದಿನದವರೆಗೂ ಅದು ಬರಲಿಲ್ಲ. ಹಾಗಾ​ಗಿ ಆಗ ಕಳಿಸಿದ ನಾಲ್ಕು ಸಾಲನ್ನು, ಒಂದಕ್ಷರವನ್ನೂ ಬಿಡದೆ, ಇಲ್ಲಿ ಕೊಡುತ್ತಿದ್ದೇನೆ:

‘ಮೀನುಗಾರಿಕೆ ಪರೀಕ್ಷೆಯಲ್ಲಿ ತಿಮ್ಮಪ್ಪ ಅವರು ದೊಡ್ಡ ಬೆಂಡು ಬಳಸಿ ನಿಯಮ ಮುರಿದರು ಎಂದು ಈ ಪತ್ರಿಕೆಯಲ್ಲಿ ಪ್ರಕಟವಾದದ್ದು ತಪ್ಪು. ಅವರ ಬೆಂಡು ಕಡಲೆ ಕಾಳಿನಷ್ಟಿತ್ತು. ಅದನ್ನು ನಿಂಬೆಹಣ್ಣಿನಷ್ಟು ಕಾಣಿಸಿದ್ದು ನಮ್ಮ ವರದಿಗಾರ ತೆಗೆದ ಚಿತ್ರ. ತಿಮ್ಮಪ್ಪ ಅವರು ಏಳು ಮೀನುಗಳನ್ನು ನಿಯಮದಂತೆಯೇ ಹಿಡಿದರು.’